ಪೂರ್ವಪಕ್ಷದ ಸರದಿ

ನನ್ನ ಭಾವನವರು ತರ್ಕಶಾಸ್ತ್ರ ಓದಿದ ಆಸ್ತಿಕರು. ನಾನು ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನಾಸ್ತಿಕ. ಹಬ್ಬದೂಟಕ್ಕೆ ಕೂತಾಗಲೆಲ್ಲ ಹತ್ತಿಕೊಳ್ಳುತ್ತಿದ್ದ ವಾದವು ಪಾಯಸ ಬಡಿಸುವ ಹೊತ್ತಿಗೆ ಜಗಳವಾಗಿರುತ್ತಿತ್ತು. ಹಲವು ವರ್ಷ ಹೀಗೆ ಕಳೆದ ಮೇಲೆ ಭಾವನವರೇ ಒಂದು ನಿಯಮವನ್ನು ಮುಂದಿಟ್ಟರು: ಖಂಡಿಸುವವನು ಮೊದಲು ಎದುರಿನವನ ಮತವನ್ನು ಅವನೇ ತಲೆಯಾಡಿಸುವಂತೆ ಹೇಳಬೇಕು. ಹೀಗೆ ಹೇಳುವುದೇ ಪೂರ್ವಪಕ್ಷ. "ನಿನ್ನ ಪೂರ್ವಪಕ್ಷವೇ ಸರಿಯಿಲ್ಲ. ನಾನು ನಂಬದ ದೇವರನ್ನು ನೀನು ಖಂಡಿಸುತ್ತಿದ್ದೀಯ" ಎಂದರು.

ತಿಂಗಳಿಗೊಂದು ಭಾನುವಾರ ಅವರ ಮನೆಯ ಜಗಲಿಯಲ್ಲಿ ಕೂರತೊಡಗಿದೆವು. ಮೊದಲ ಸರದಿ ನನ್ನದು. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಒಬ್ಬ ಕರ್ತೃವಿರಬೇಕೆಂಬ ನ್ಯಾಯದರ್ಶನದವರಾದ ನೈಯಾಯಿಕರ ತರ್ಕವನ್ನು ವಿವರಿಸಿ, ಗೆದ್ದೆನೆಂದೇ ತಿಳಿದಿದ್ದೆ. ಭಾವನವರು ತಲೆಯಾಡಿಸಲಿಲ್ಲ. ಉದಯನಾಚಾರ್ಯರ 'ನ್ಯಾಯಕುಸುಮಾಂಜಲಿ'ಯ ಐದನೆಯ ಸ್ತಬಕವನ್ನು, ಅಂದರೆ ಅಧ್ಯಾಯವನ್ನು, ತೆರೆದು, ಅದು ಅಲ್ಲಿರುವ ಹಲವು ಹೇತುಗಳಲ್ಲಿ ಒಂದು ಮಾತ್ರವೆಂದೂ, ಪರಮಾಣುಗಳು ಕೂಡಿಕೊಳ್ಳುವುದು, ಜಗತ್ತು ಕೆಳಗೆ ಬೀಳದೆ ನಿಂತಿರುವುದು ಮುಂತಾದುವೂ ಅದರ ಜೊತೆಗಿವೆಯೆಂದೂ ತೋರಿಸಿದರು. ಓದುತ್ತ ಹೋದಂತೆ ನನಗೆ ಇನ್ನೊಂದು ಅಚ್ಚರಿ ಕಾದಿತ್ತು: ದೇಹವಿಲ್ಲದವನಿಗೆ ಸೃಷ್ಟಿಸುವ ಇಚ್ಛೆ ಹೇಗೆ ಬಂತು, ಯಾವ ಪ್ರಯೋಜನಕ್ಕಾಗಿ ಸೃಷ್ಟಿಸಿದ ಎಂಬ ನನ್ನ ಪ್ರಶ್ನೆಗಳನ್ನು, ವೇದವನ್ನೇ ಪರಮಪ್ರಮಾಣವೆಂದ ಮೀಮಾಂಸಕ ಕುಮಾರಿಲಭಟ್ಟರು ನನಗಿಂತ ಚೂಪಾಗಿ ಎತ್ತಿದ್ದರು. ಭಾವನವರು ನಕ್ಕು, "ನೋಡು, ಅವರು ನಮ್ಮವರೇ" ಎಂದರು.

ಅವರ ಸರದಿಯಲ್ಲಿ ತಲೆಯಾಡಿಸದವನು ನಾನು. ದೇವರಿಲ್ಲವೆನ್ನುವವನಿಗೆ ಧರ್ಮಾಧರ್ಮಗಳ ಕಟ್ಟೂ ಇಲ್ಲವೆಂಬುದು ಅವರು ಮಂಡಿಸಿದ ನಾಸ್ತಿಕಮತ. ಆಗ ನಾನು ಆಂಧ್ರದ ಗೋರಾ ಅವರ ವಿಷಯ ಹೇಳಿದೆ. 1940ರಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿದ ಅವರು ಅಸ್ಪೃಶ್ಯತೆಯ ವಿರುದ್ಧ ದುಡಿದದ್ದು ತಮ್ಮ ನಾಸ್ತಿಕ್ಯದ ಬಲದಿಂದಲೇ. ಅವರ ಮಗಳ ಮದುವೆಯ ಪ್ರತಿಜ್ಞೆಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರನ್ನಿಡಲು ಗಾಂಧೀಜಿ ಒಪ್ಪಿದ್ದರು. ಗಾಂಧೀಜಿ ತೀರಿಕೊಂಡ ಬಳಿಕ, 1948ರಲ್ಲಿ ಆ ಮದುವೆ ಸೇವಾಗ್ರಾಮದಲ್ಲಿ ನಡೆಯಿತು. ಭಾವನವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಪೂರ್ವಪಕ್ಷವನ್ನು ಹಿಂತೆಗೆದುಕೊಂಡರು.

ಇಬ್ಬರ ನಿಲುವೂ ಬದಲಾಗಿಲ್ಲ. ಬದಲಾಗಲೆಂದು ಕೂತವರೂ ನಾವಲ್ಲ. ಆದರೆ "ನಿಮ್ಮವರು" ಎಂದು ಎಲ್ಲ ಆಸ್ತಿಕರನ್ನೂ ಒಂದೇ ಗಂಟಿಗೆ ಕಟ್ಟುವ ಚಾಳಿ ನನ್ನಲ್ಲಿ ಕಡಿಮೆಯಾಗಿದೆ. ಈಗ ಕರ್ಮಸಿದ್ಧಾಂತ ನಡೆಯುತ್ತಿದೆ. ಏನೂ ಅರಿಯದ ಕೂಸಿನ ನೋವನ್ನು ಹಿಂದಿನ ಜನ್ಮದ ಲೆಕ್ಕಕ್ಕೆ ಹಾಕುವ ವಾದವನ್ನು ನಾನು ಎರಡು ಬಾರಿ ಮಂಡಿಸಿದರೂ ಭಾವನವರು ಒಪ್ಪಿಲ್ಲ. ಬರುವ ಭಾನುವಾರಕ್ಕೆ ಮತ್ತೆ ಬರೆದುಕೊಂಡು ಹೋಗಬೇಕು.