ವಸಂತದ ಕಾವೇರಿ: ಕುಶಾಲನಗರಕ್ಕೆ ದೋಣಿ ವಿಹಾರ ಹೊರಡುವವರಿಗೆ

ಕೊಡಗಿನಲ್ಲಿ ನೀರಿಗಿಳಿಯುವುದೆಂದರೆ ಮಳೆಗಾಲದ ರಾಫ್ಟಿಂಗ್ ಎಂದೇ ಬಹುತೇಕರು ಭಾವಿಸಿದ್ದಾರೆ. ಮಕ್ಕಳು ಮತ್ತು ಹಿರಿಯರನ್ನು ಕರೆದುಕೊಂಡು ಹೋಗುವ ಕುಟುಂಬಕ್ಕೆ ಜೂನ್ ನಂತರದ ಆ ರಭಸದ ಹೊಳೆ ತಕ್ಕುದಲ್ಲ. ಫೆಬ್ರುವರಿಯ ಕೊನೆಯಿಂದ ಯುಗಾದಿಯ ಆಸುಪಾಸಿನವರೆಗೆ ತಿಳಿಯಾಗಿ, ನಿಧಾನವಾಗಿ ಹರಿಯುವ ಕಾವೇರಿಯೇ ಅವರಿಗೆ ಸೂಕ್ತ.

ಮೊದಲು ದಿನವನ್ನು ಆರಿಸಿಕೊಳ್ಳಬೇಕು. ಬೆಳೆಗಾರರು ಕಾಯುವ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಒಂದು ವಾರ, ಹತ್ತು ದಿನಗಳಲ್ಲಿ ಕಾಫಿ ತೋಟಗಳು ಬಿಳಿಯಾಗಿ ಅರಳುತ್ತವೆ, ಮಲ್ಲಿಗೆಯನ್ನು ಹೋಲುವ ಆ ಕಂಪು ಕೆಲವೇ ದಿನ ಉಳಿಯುತ್ತದೆ. ಮಳೆಯಾದ ಸುದ್ದಿ ತಿಳಿದ ಮೇಲೆ ಪ್ರಯಾಣವನ್ನು ನಿಗದಿಪಡಿಸಿದರೆ ಹೊಳೆ ಮತ್ತು ಹೂವು ಎರಡೂ ಒಟ್ಟಿಗೆ ದೊರೆಯುತ್ತವೆ. ಕೊಡಗಿಗೆ ರೈಲಿಲ್ಲ, ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣದ ಮೂಲಕ ಮಡಿಕೇರಿಗೆ ಹೋಗುವ ಬಸ್ಸುಗಳು ಕೊಪ್ಪದ ಬಳಿ ಕಾವೇರಿ ಸೇತುವೆಯನ್ನು ದಾಟಿದೊಡನೆ ಕುಶಾಲನಗರವನ್ನು ತಲುಪುತ್ತವೆ.

ಹೊರಡುವ ಹಿಂದಿನ ದಿನ, ಉಳಿದುಕೊಳ್ಳುವ ಹೋಂಸ್ಟೇಯವರಿಗೆ ಫೋನ್ ಮಾಡಿ ನೀರಿನ ಮಟ್ಟವನ್ನು ವಿಚಾರಿಸುವುದು ಅತ್ಯಗತ್ಯ. ಬೇಸಿಗೆ ಬಲಿತಂತೆ, ದೋಣಿ ಹತ್ತುವ ಜಾಗವಾದ ದುಬಾರೆಯಲ್ಲಿ ಬಂಡೆಗಳು ಮೇಲೆದ್ದು ದೋಣಿ ಸಾಗುವಷ್ಟು ಆಳವೇ ಉಳಿಯದಿರಬಹುದು. ಆಗ ಜನರು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟುವುದುಂಟು, ಆದರೆ ಪಾಚಿ ಕಟ್ಟಿದ ಬಂಡೆಗಳ ಮೇಲೆ ಹಿರಿಯರನ್ನು ನಡೆಸುವುದು ವಿವೇಕವಲ್ಲ.

ನೀರು ಸಾಕಷ್ಟಿದ್ದರೆ ಬೆಳಿಗ್ಗೆ ಬೇಗನೆ ಎದ್ದು ಗುಡ್ಡೆಹೊಸೂರು, ನಂಜರಾಯಪಟ್ಟಣದ ದಾರಿಯಲ್ಲಿ ಸುಮಾರು 15 ಕಿಲೋಮೀಟರ್ ದೂರದ ದುಬಾರೆಗೆ ಹೊರಡಿ. ಆಚೆ ದಡದ ಆನೆ ಶಿಬಿರಕ್ಕೆ ಹೋಗಲು ದೋಣಿಯೇ ಸಾಧನ. ಮೈಸೂರು ದಸರೆಗೆ ತೆರಳುವ ಆನೆಗಳಲ್ಲಿ ಕೆಲವು ಈ ಶಿಬಿರದವೇ. ಮಾವುತರು ಅವನ್ನು ಹೊಳೆಗಿಳಿಸಿ ಮೈ ತಿಕ್ಕುವ ಬೆಳಗಿನ ಹೊತ್ತನ್ನು ತಪ್ಪಿಸಿಕೊಳ್ಳಬಾರದು.

ದೋಣಿ ಹತ್ತುವ ಕ್ರಮಕ್ಕೆ ವಿಶೇಷ ಗಮನ ಕೊಡಬೇಕು. ಲೈಫ್ ಜಾಕೆಟ್ಟಿನ ಎಲ್ಲ ಕ್ಲಿಪ್‌ಗಳನ್ನೂ ಹಾಕಿ, ಪಟ್ಟಿಗಳನ್ನು ಬಿಗಿಗೊಳಿಸಿದ ಮೇಲೆ ಭುಜದ ಬಳಿ ಹಿಡಿದು ಮೇಲಕ್ಕೆಳೆದು ನೋಡಿ. ಅದು ಗಲ್ಲವನ್ನು ದಾಟಿ ಕಿವಿಯವರೆಗೆ ಏರಿದರೆ ನೀರಿನಲ್ಲಿ ಉಪಯೋಗಕ್ಕೆ ಬಾರದು. ಮಕ್ಕಳಿಗೆ ದೊಡ್ಡವರ ಜಾಕೆಟ್ಟನ್ನು ಎಂದಿಗೂ ತೊಡಿಸಬೇಡಿ, ಅವರ ಅಳತೆಯದು ಸಿಗದಿದ್ದರೆ ದೋಣಿಯ ಆಸೆಯನ್ನೇ ಬಿಡುವುದು ಲೇಸು. ಅಂಚನ್ನು ತುಳಿಯದೆ ನಡುಭಾಗದಲ್ಲಿ ಕಾಲಿಟ್ಟು ಒಬ್ಬೊಬ್ಬರಾಗಿ ಹತ್ತಿ, ಎರಡೂ ಬದಿಗೆ ತೂಕ ಸಮನಾಗುವಂತೆ ಕುಳಿತುಕೊಳ್ಳಬೇಕು. ಫೋಟೊಗಾಗಿ ಎಲ್ಲರೂ ಒಂದೇ ಬದಿಗೆ ವಾಲುವುದು ದೊಡ್ಡ ಅಪಾಯ. ದೋಣಿ ನಡೆಸುವವರು ಬೇಡವೆಂದರೆ ವಾದಿಸಬಾರದು. ಆ ಹೊಳೆಯ ಸುಳಿ, ಮಡುಗಳನ್ನು ಅವರಷ್ಟು ಬಲ್ಲವರಿಲ್ಲ.

ಮಧ್ಯಾಹ್ನ ಪಟ್ಟಣಕ್ಕೆ ಮರಳಿ, ಕಡಂಬಿಟ್ಟು ಅಥವಾ ಅಕ್ಕಿ ರೊಟ್ಟಿಯ ಊಟ ಮುಗಿಸಿ ಕಾವೇರಿ ನಿಸರ್ಗಧಾಮಕ್ಕೆ ಹೋಗಬಹುದು. ಸುಮಾರು 64 ಎಕರೆಯ ಈ ನದೀದ್ವೀಪವನ್ನು ತೂಗುಸೇತುವೆಯ ಮೇಲೆ ನಡೆದು ತಲುಪಬೇಕು. ಬಿದಿರ ಮೆಳೆಗಳ ನೆರಳೇ ಬಿಸಿಲಿನ ಹೊತ್ತಿಗೆ ಸಾಕಷ್ಟು ಸುಖ ಕೊಡುತ್ತದೆ. ನೀರು ಶಾಂತವಾಗಿ ಕಂಡಿತೆಂದು ಈಜಲು ಮಾತ್ರ ಇಳಿಯಬೇಡಿ: ಮೇಲೆ ಅಲುಗದಂತಿರುವ ಹೊಳೆಯ ತಳದಲ್ಲಿ ಆಳವಾದ ಗುಂಡಿಗಳಿರುತ್ತವೆ.

ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನದ ನಂತರ ಗುಡುಗು, ಕೆಲವೊಮ್ಮೆ ಆಲಿಕಲ್ಲು ಮಳೆಯೂ ಬರುತ್ತದೆ. ಗುಡುಗಿನ ಮೊದಲ ಸದ್ದಿಗೇ ದಡ ಸೇರಿ, ಒಂಟಿ ಮರದಡಿ ನಿಲ್ಲದೆ ಕಟ್ಟಡದೊಳಗೆ ಅಥವಾ ಕಾರಿನೊಳಗೆ ಹೋಗಿ ಕುಳಿತುಕೊಳ್ಳಿ. ಆಕಾಶ ಸ್ವಚ್ಛವಾಗಿದ್ದರೆ ಹಾರಂಗಿ ಹೊಳೆಯು ಕಾವೇರಿಯನ್ನು ಸೇರುವ ಕೂಡಿಗೆಯನ್ನೂ ನೋಡಿ ಬರಬಹುದು. ಸಿದ್ದಾಪುರದ ಕಡೆ ತಂಗುವವರು ಕತ್ತಲಾಗುವ ಮೊದಲೇ ಹೊರಡಬೇಕು, ಏಕೆಂದರೆ ಆ ಭಾಗದಲ್ಲಿ ಕಾಡಾನೆಗಳು ಸಂಜೆಯ ನಂತರ ತೋಟಗಳಿಂದ ರಸ್ತೆಗೆ ಇಳಿಯುತ್ತವೆ.