ಒಂದು ಘಾಟಿ ಕುಸಿದರೆ ಇನ್ನೊಂದು ಇರಲಿ

ಮೂಡಿಗೆರೆ ಕಡೆಯಿಂದ ಮಂಗಳೂರಿಗೆ ಹೋಗಲು ನಮಗೆ ಎರಡು ದಾರಿ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಬಹುದು. ಇಲ್ಲವಾದರೆ ಹಾನುಬಾಳಿನ ಮೇಲೆ ಸಕಲೇಶಪುರಕ್ಕೆ ಹೋಗಿ ಶಿರಾಡಿ ಹಿಡಿಯಬಹುದು. ಎರಡೂ ಬಿ.ಸಿ. ರೋಡಿನಲ್ಲಿ ಕೂಡುತ್ತವೆ. ಮಳೆಗಾಲದಲ್ಲಿ ಒಂದು ಕಡೆ ಗುಡ್ಡ ಜರಿದರೆ ಇನ್ನೊಂದು ಕಡೆ ತಿರುಗುತ್ತೇವೆ. ಆದರೆ ದಾರಿ ಎರಡಿದ್ದ ಮಾತ್ರಕ್ಕೆ ಒಂದು ಕಾರು ಬೇಗ ತಲುಪುವುದಿಲ್ಲ. ಮನೆಯ ಕಂಪ್ಯೂಟರಿಗೆ ಎರಡು ಇಂಟರ್‌ನೆಟ್ ಜೋಡಿಸಲು ಹೊರಟವರು ಮೊದಲು ಇದನ್ನು ತಿಳಿದುಕೊಳ್ಳಬೇಕು.

ನನ್ನ ಸೊಸೆ ತೋಟದ ಮನೆಯಿಂದಲೇ ಬೆಂಗಳೂರಿನ ಕಚೇರಿಯ ಕೆಲಸ ಶುರು ಮಾಡಿದ ವರ್ಷ, ಜೂನ್ ತಿಂಗಳಿಡೀ ಅವಳ ಮೀಟಿಂಗುಗಳು ನಡುವೆ ಕಡಿದು ಹೋಗುತ್ತಿದ್ದವು. ಮೊಬೈಲ್ ಸಿಗ್ನಲ್ ಚೆನ್ನಾಗಿ ಸಿಗುತ್ತಿದ್ದದ್ದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. "ಅತ್ತೆ, ಐದು ನಿಮಿಷ ಕೊಡೆ ಹಿಡಿಯುತ್ತೀರಾ?" ಎಂದು ಕೇಳಿ ಲ್ಯಾಪ್‌ಟಾಪ್ ಎತ್ತಿಕೊಂಡು ಓಡುತ್ತಿದ್ದಳು. ಆ ಮಳೆಯಲ್ಲಿ ಅವಳು ನಿಂತು ಮಾತನಾಡುವುದನ್ನು ನೋಡಿದಾಗ ಕರುಳು ಚುರುಕ್ ಎನ್ನುತ್ತಿತ್ತು. ಆಗಲೇ ಈ ವಿಷಯವನ್ನು ಕೂತು ಕಲಿತೆ.

ಮಗ ಮೊದಲು ಮಾಡಿದ್ದು ಬಹಳ ಜನ ಮಾಡುವ ತಪ್ಪನ್ನೇ. ವಿಂಡೋಸ್‌ನಲ್ಲಿ ಫೈಬರ್ ಲೈನ್, ಫೋನಿನ ಲೈನ್ ಎರಡನ್ನೂ ಆರಿಸಿ 'ಬ್ರಿಡ್ಜ್ ಕನೆಕ್ಷನ್ಸ್' ಒತ್ತಿದ. ಇದ್ದದ್ದೂ ನಿಂತು ಹೋಯಿತು. ಬ್ರಿಡ್ಜ್ ಎಂದರೆ ಎರಡು ತೋಟಗಳ ನಡುವಿನ ಬೇಲಿ ಕಿತ್ತು ಒಂದೇ ತೋಟ ಮಾಡಿದಂತೆ. ಅದರಿಂದ ವೇಗ ಕೂಡುವುದಿಲ್ಲ, ಎರಡು ಕಡೆಯ ವಿಳಾಸಗಳು ಕಲಸಿಹೋಗುತ್ತವೆ ಅಷ್ಟೆ. ಅದನ್ನು ಮುಟ್ಟಬೇಡಿ.

ಮಾಡಬೇಕಾದದ್ದು ಯಾರು ಮೊದಲು, ಯಾರು ನಂತರ ಎಂದು ಹೇಳಿಕೊಡುವುದು. ಕಂಟ್ರೋಲ್ ಪ್ಯಾನೆಲ್‌ನ 'ನೆಟ್‌ವರ್ಕ್ ಕನೆಕ್ಷನ್ಸ್' ತೆರೆದು, ಒಂದೊಂದು ಸಂಪರ್ಕದ 'ಪ್ರಾಪರ್ಟೀಸ್' ಒಳಗೆ ಇಂಟರ್‌ನೆಟ್ ಪ್ರೋಟೋಕಾಲ್ ಆವೃತ್ತಿ 4ನ್ನು (ವರ್ಷನ್ 4) ಆರಿಸಿ, ಮತ್ತೆ 'ಪ್ರಾಪರ್ಟೀಸ್' ಒತ್ತಿ, 'ಅಡ್ವಾನ್ಸ್ಡ್' ಒಳಗಿರುವ 'ಆಟೊಮ್ಯಾಟಿಕ್ ಮೆಟ್ರಿಕ್' ಎದುರಿನ ಗುರುತನ್ನು ತೆಗೆಯಿರಿ. ಫೈಬರಿಗೆ 10, ಯುಎಸ್‌ಬಿ ತಂತಿಯಲ್ಲಿ ಜೋಡಿಸಿದ ಫೋನಿಗೆ 50 ಎಂದು ಬರೆಯಿರಿ. ಸಂಖ್ಯೆ ಚಿಕ್ಕದಿದ್ದವರಿಗೆ ಮೊದಲ ಮಣೆ. ಇಂಟರ್‌ನೆಟ್ ವಿಳಾಸಗಳ ಹೊಸ ಪದ್ಧತಿಯಾದ ಆವೃತ್ತಿ 6ರಲ್ಲೂ ಇದನ್ನೇ ಮಾಡಬೇಕು. ಫೋನಿನ ಲೈನಿನಲ್ಲಿ ಆವೃತ್ತಿ 6 ಇದ್ದು ಫೈಬರಿನಲ್ಲಿ ಇಲ್ಲದಿದ್ದರೆ, ನೀವು ಏನೇ ಬರೆದಿದ್ದರೂ ಕಂಪ್ಯೂಟರು ಎಷ್ಟೋ ಕೆಲಸವನ್ನು ಫೋನಿನ ಮೂಲಕವೇ ಮಾಡುತ್ತದೆ. ಅಂಥ ಕಡೆ ಫೋನಿನ ಸಂಪರ್ಕದಲ್ಲಿ ಆವೃತ್ತಿ 6ರ ಗುರುತನ್ನೇ ತೆಗೆದುಬಿಡುವುದು ವಾಸಿ. ನಮ್ಮ ಮನೆಯಲ್ಲಿ ಡೇಟಾ ಮಧ್ಯಾಹ್ನದೊಳಗೆ ಖಾಲಿಯಾಗುತ್ತಿದ್ದದ್ದು ಇದೇ ಕಾರಣಕ್ಕೆ. ಕಂಡುಹಿಡಿಯಲು ಒಂದು ವಾರ ಬೇಕಾಯಿತು. ಫೋನಿನ ಸಂಪರ್ಕವನ್ನು 'ಮೀಟರ್ಡ್' (ಅಳೆದು ಬಳಸುವ ಲೈನ್) ಎಂದು ಗುರುತಿಸಿದರೆ ವಿಂಡೋಸ್ ಅಪ್‌ಡೇಟಿಗೂ ಸ್ವಲ್ಪ ಕಡಿವಾಣ ಬೀಳುತ್ತದೆ. ಇನ್ನು ಎರಡು ರೂಟರ್ ಇರುವ ಮನೆಯಲ್ಲಿ ಎರಡಕ್ಕೂ 192.168.1.1 ಎಂಬ ವಿಳಾಸವಿದ್ದರೆ ಒಂದನ್ನು 192.168.2.1 ಮಾಡಿ, ಇಲ್ಲವಾದರೆ ಯಾವುದು ಯಾವುದೆಂದು ಕಂಪ್ಯೂಟರಿಗೆ ತಿಳಿಯದು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ರಸ್ತೆಯಲ್ಲಿ ಮರ ಬಿದ್ದು ಫೈಬರ್ ತುಂಡಾದಾಗಲೂ ಮನೆಯೊಳಗಿನ ರೂಟರ್ ಉರಿಯುತ್ತಲೇ ಇರುತ್ತದೆ. ಕಂಪ್ಯೂಟರಿಗೆ ಕಾಣುವುದು ರೂಟರಿನವರೆಗಿನ ತಂತಿ ಮಾತ್ರ, ಆದ್ದರಿಂದ ಎಲ್ಲ ಸರಿಯಿದೆ ಎಂದುಕೊಂಡು ಸತ್ತ ದಾರಿಯಲ್ಲೇ ಕಾಯುತ್ತಾ ಕೂರುತ್ತದೆ. ಆಗ ರೂಟರಿನಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ಕೇಬಲನ್ನು ಕೈಯಿಂದಲೇ ಕೀಳಬೇಕು. ಕಿತ್ತ ಕೂಡಲೇ ಫೋನಿನ ಲೈನ್ ಹಿಡಿದುಕೊಳ್ಳುತ್ತದೆ. ಯಾವ ತಂತಿ ಎಂದು ತಿಳಿಯಲಿ ಎಂದು ನಾನು ಅದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಪದೇಪದೇ ಹೀಗಾಗುವ ಮನೆಯವರು ಎರಡು 'ವ್ಯಾನ್' ಕಿಂಡಿಗಳಿರುವ (ಹೊರಗಿನ ಇಂಟರ್‌ನೆಟ್ ಲೈನ್ ಸಿಕ್ಕಿಸುವ ಕಿಂಡಿ) ರೂಟರ್ ಕೊಳ್ಳುವುದು ಒಳ್ಳೆಯದು. ಅದು ಹೊರಗಿನ ವಿಳಾಸವೊಂದನ್ನು ಆಗಾಗ ತಟ್ಟಿ ನೋಡಿ, ಉತ್ತರ ಬರದಿದ್ದರೆ ತಾನೇ ದಾರಿ ಬದಲಿಸುತ್ತದೆ. ಮನೆಮಂದಿಯ ಮೊಬೈಲುಗಳಿಗೂ ಅದರ ಪ್ರಯೋಜನ ಸಿಗುತ್ತದೆ.

ವೇಗವೇ ಕೂಡಬೇಕು ಎನ್ನುವವರಿಗೆ ಒಂದು ಮಾತು. ಒಂದು ಲಾರಿಯ ಮೂಟೆಗಳನ್ನು ಎರಡು ಪಿಕಪ್‌ಗಳಿಗೆ ಹಂಚಿ ಎರಡು ಘಾಟಿಯಲ್ಲಿ ಇಳಿಸಿದರೆ, ಬಿ.ಸಿ. ರೋಡಿನಲ್ಲಿ ನಿಂತು ಮತ್ತೆ ಒಟ್ಟು ಮಾಡುವವರೊಬ್ಬರು ಬೇಕು. ಸ್ಪೀಡಿಫೈಯಂಥ ತಂತ್ರಾಂಶಗಳು ತಮ್ಮ ಸರ್ವರಿನಲ್ಲಿ ಮಾಡುವುದು ಆ ಕೆಲಸವನ್ನೇ. ಹೆಚ್ಚು ಬಳಸಿದರೆ ಶುಲ್ಕವಿದೆ, ನಿಮ್ಮ ಇಂಟರ್‌ನೆಟ್ ಸಂಚಾರವೆಲ್ಲ ಅವರ ಮೂಲಕ ಹಾದುಹೋಗುತ್ತದೆ. ನನ್ನ ಮಟ್ಟಿಗೆ ಮನೆಗೆ ಅದು ಬೇಕಿಲ್ಲ. ಕಂಪ್ಯೂಟರಿಗೆ ಎರಡು ವೈಫೈ ಅಡಾಪ್ಟರ್ ಸಿಕ್ಕಿಸಿ ಎರಡನ್ನೂ ಒಂದೇ ರೂಟರಿಗೆ ಜೋಡಿಸುವುದರಿಂದಲೂ ಲಾಭವಿಲ್ಲ, ನೀರು ಬರುವುದು ಒಂದೇ ಕೊಳವೆಯಿಂದ.

ಎರಡು ಲೈನುಗಳೂ ಒಟ್ಟಿಗೆ ಸಾಯದಂತೆ ನೋಡಿಕೊಳ್ಳುವುದೇ ನಿಜವಾದ ಕಷ್ಟ. ಎರಡನ್ನೂ ಒಂದೇ ಕಂಪನಿಯಿಂದ ಪಡೆದು, ಎರಡೂ ಒಂದೇ ಕಂಬದ ಮೇಲೆ ಬಂದರೆ ಒಂದು ಕೊಂಬೆ ಸಾಕು. ಒಂದು ಫೈಬರ್, ಒಂದು ಮೊಬೈಲ್ ಇರಲಿ. ಆಷಾಢದ ಮಳೆಯಲ್ಲಿ ಕರೆಂಟು ದಿನಗಟ್ಟಲೆ ಬರದ ಊರು ನಮ್ಮದು, ಹಾಗಾಗಿ ರೂಟರಿಗೂ ಫೈಬರ್ ಪೆಟ್ಟಿಗೆಗೂ ಚಿಕ್ಕ ಯುಪಿಎಸ್ ಬೇಕೇ ಬೇಕು. ಸಾಮಾನ್ಯವಾಗಿ 12 ವೋಲ್ಟಿನದು ಹೊಂದುತ್ತದೆ, ಆದರೂ ಅವುಗಳ ಕರೆಂಟಿನ ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿಯೇ ಕೊಳ್ಳಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮಾತ್ರ ಲೆಕ್ಕ ಬೇರೆ. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು ನಿಜ, ಆದರೆ ರೂಟರಿನ ಪ್ಲಗ್ಗಿನಿಂದ ಒಳಬಂದ ವಿದ್ಯುತ್ತು ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿನವರೆಗೆ ಬರಬಲ್ಲದು. ದೂರದಲ್ಲಿ ಮೊದಲ ಗುಡುಗು ಕೇಳಿದಾಗಲೇ ಗೋಡೆಯ ಪ್ಲಗ್ಗನ್ನೂ ಕೆಂಪು ದಾರದ ಕೇಬಲನ್ನೂ ಕಿತ್ತಿಡಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ಮುಟ್ಟಲು ಹೋಗಬೇಡಿ.