ಮೊಬೈಲಿಗೆ ನೆಟ್ ಇದೆ, ಕಂಪ್ಯೂಟರಿಗೆ ಇಲ್ಲ!

ಹೊಸ ರೂಟರ್ ಬಂದ ದಿನ ಮನೆಯ ಮೊಬೈಲುಗಳೆಲ್ಲ ಸಲೀಸಾಗಿ ಕನೆಕ್ಟ್ ಆದವು. ನನ್ನ ಹಳೇ ವಿಂಡೋಸ್ 10 ಡೆಸ್ಕ್‌ಟಾಪ್ ಮಾತ್ರ ಮುನಿಸಿಕೊಂಡು ಕೂತಿತು. ಕೇಬಲ್ ಕಿತ್ತು ಮತ್ತೆ ಚುಚ್ಚಿದೆ, ಎರಡು ಸಲ ರೀಸ್ಟಾರ್ಟ್ ಮಾಡಿದೆ. ಊಹೂಂ.

ಕೊನೆಗೆ ಕಮಾಂಡ್ ಪ್ರಾಂಪ್ಟಿನಲ್ಲಿ (ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ) ‘ಐಪಿಕಾನ್ಫಿಗ್’ (ipconfig) ಕೊಟ್ಟು ನೋಡಿದೆ. ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ, ಅಂದರೆ ಐಪಿ, 192.168.1.50. ಹೊಸ ರೂಟರಿನ ಅಡಿಯಲ್ಲಿ ಅಂಟಿಸಿದ್ದ ಚೀಟಿಯಲ್ಲಿ 192.168.0.1. ಮೂರನೇ ಅಂಕಿಯೇ ಬೇರೆ, ಅಂದರೆ ಎರಡೂ ಒಂದೇ ನೆಟ್‌ವರ್ಕಿನಲ್ಲಿಲ್ಲ. ಆಗ ನೆನಪಾಯಿತು. ಹಿಂದೊಮ್ಮೆ ಪ್ರಿಂಟರ್ ಶೇರ್ ಮಾಡಲು ನಾನೇ ಕೈಯಾರೆ ಕಂಪ್ಯೂಟರಿಗೆ ಆ ನಂಬರ್ ಹಾಕಿದ್ದೆ! ಮನೆ ಬದಲಾಯಿಸಿದ ಮೇಲೂ ಹಳೇ ಬೀದಿಯ ವಿಳಾಸ ಹೇಳಿಕೊಂಡು ತಿರುಗಿದ ಹಾಗೆ.

ವಿಂಡೋಸ್ ಕೀ ಜೊತೆ ಆರ್ ಒತ್ತಿ ‘ಎನ್‌ಸಿಪಿಎ ಡಾಟ್ ಸಿಪಿಎಲ್’ (ncpa.cpl) ಟೈಪ್ ಮಾಡಿದೆ, ನೆಟ್ ಕನೆಕ್ಷನ್‌ಗಳ ಪಟ್ಟಿ ತೆರೆಯಿತು. ಈಥರ್ನೆಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಐಪಿ ವರ್ಷನ್ 4. ಅಲ್ಲಿ ಐಪಿ ವಿಳಾಸವನ್ನು ಆಟೊಮ್ಯಾಟಿಕ್ ಮಾಡಿದೆ. ರೂಟರ್ ತಕ್ಷಣ 192.168.0.104 ಕೊಟ್ಟಿತು.

ಆದರೂ ಒಂದು ಪೇಜೂ ತೆರೆಯಲಿಲ್ಲ. 8.8.8.8ಕ್ಕೆ (ಗೂಗಲ್‌ನ ಒಂದು ಸರ್ವರ್) ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ?’ ಎಂದು ಕೇಳಿದರೆ, ಮಾತ್ರ ಉತ್ತರ ಬರುತ್ತಿತ್ತು. ಅಂದರೆ ನೆಟ್ ಇದೆ, ಸೈಟಿನ ಹೆಸರು ಹುಡುಕುವ ಕಡೆ ಎಡವಟ್ಟು. ನೋಡಿದರೆ ಅದೇ ಕಿಟಕಿಯ ಕೆಳಗೆ, ಡಿಎನ್‌ಎಸ್ (ಸೈಟಿನ ಹೆಸರಿಗೆ ನಂಬರ್ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ, ಹಳೇ ರೂಟರಿನ 192.168.1.1 ಆರಾಮಾಗಿ ಕೂತಿದೆ! ಮೇಲಿನದನ್ನು ಬದಲಿಸಿದರೆ ಕೆಳಗಿನದು ತಾನಾಗಿ ಬದಲಾಗುವುದಿಲ್ಲ. ಕೆಳಗೆ ಯಾರು ನೋಡುತ್ತಾರೆ, ಅಲ್ವಾ? ಅದನ್ನೂ ಆಟೊಮ್ಯಾಟಿಕ್ ಮಾಡಿ ಓಕೆ ಒತ್ತಿದೆ. ಪೇಜ್ ಬಂತು.

ನಿಮ್ಮಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ ಅದು ಬೇರೆ ಕಥೆ. ರೂಟರಿನಿಂದ ಏನೂ ಸಿಗದೆ ವಿಂಡೋಸ್ ಸುಮ್ನೆ ತಾನೇ ಹಾಕಿಕೊಂಡ ನಂಬರ್ ಅದು. ಮೊದಲು ಕೇಬಲ್, ಆಮೇಲೆ ರೂಟರಿನ ಡಿಎಚ್‌ಸಿಪಿ (ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ನೋಡಿ.

ಪ್ರಿಂಟರ್ ಶೇರಿಂಗಿಗೆ ಈಗ ರೂಟರಿನಲ್ಲೇ ಈ ಕಂಪ್ಯೂಟರಿಗೆ ಒಂದು ವಿಳಾಸ ಕಾದಿರಿಸಿದ್ದೇನೆ.